ನಲ್ಲಿಯಲ್ಲಿ ನೀರು ಸಣ್ಣಗೆ ಬರುತ್ತಿದೆಯಾ? ಮೊದಲು ಈ ಲೆಕ್ಕ ಹಾಕಿ ನೋಡಿ

ನೀರು ಜೋರಾಗಿ ಬರದಿದ್ದರೆ ನಾವು ಮೊದಲು ನಲ್ಲಿ ಬದಲಾಯಿಸುತ್ತೇವೆ, ಆಮೇಲೆ ಪಂಪ್ ಹಾಕಿಸೋಣ ಅಂತೀವಿ. ಸ್ವಲ್ಪ ತಡೆಯಿರಿ. ಖರ್ಚು ಮಾಡುವ ಮುಂಚೆ ಒಂದು ಪ್ಲಾಸ್ಟಿಕ್ ಬಾಟಲಿ, ಒಂದು ಬಕೆಟ್, ಒಂದು ಗಡಿಯಾರ ಇದ್ದರೆ ಸಾಕು.

ಬಾಟಲಿಯ ಕೆಳಗಡೆ 4 ಮಿ.ಮೀ. ತೂತು ಮಾಡಿ, ನೀರು ತುಂಬಿ. ಮುಚ್ಚಳ ತೆಗೆದಿರಬೇಕು, ಇಲ್ಲದಿದ್ದರೆ ಒಳಗೆ ಗಾಳಿ ಹೋಗದೆ ನೀರು ನಿಂತೇ ಬಿಡುತ್ತದೆ. ತೂತಿನ ಮೇಲೆ ಎಷ್ಟು ಎತ್ತರ ನೀರಿದೆ ಅನ್ನುವುದರ ಮೇಲೆ ವೇಗ ನಿಂತಿದೆ. 1640ರ ದಶಕದಲ್ಲೇ ಇಟಲಿಯ ವಿಜ್ಞಾನಿ ಟೊರಿಚೆಲ್ಲಿ ಹೇಳಿದ ಮಾತು ಇದು. ವೇಗ = √(2 × 9.8 × ಎತ್ತರ). ಇಲ್ಲಿ 9.8 ಅಂದರೆ ಗುರುತ್ವದ ಅಂಕಿ, ಎತ್ತರವನ್ನು ಮೀಟರಿನಲ್ಲಿ ಹಾಕಬೇಕು. 20 ಸೆಂ.ಮೀ. ನೀರಿದ್ದರೆ ಸೆಕೆಂಡಿಗೆ ಸುಮಾರು 2 ಮೀಟರ್, 5 ಸೆಂ.ಮೀ.ಗೆ ಇಳಿದಾಗ 1 ಮೀಟರ್. ಅಂದರೆ ವೇಗ ಎರಡು ಪಟ್ಟು ಬೇಕಾದರೆ ಎತ್ತರ ನಾಲ್ಕು ಪಟ್ಟು ಬೇಕು.

ಈಗ ತೂತಿನ ಹತ್ತಿರ ಬಗ್ಗಿ ನೋಡಿ. ಹೊರಬಂದ ನೀರಿನ ಧಾರೆ ತೂತಿಗಿಂತ ಸಣ್ಣಗಿದೆ, ಅಲ್ವಾ? ಸುತ್ತಲಿಂದ ನುಗ್ಗಿ ಬಂದ ನೀರು ಚೂಪು ಅಂಚಿನಲ್ಲಿ ಥಟ್ಟನೆ ತಿರುಗಲಾರದೆ ಒಳಮುಖವಾಗಿಯೇ ಹರಿದು ಕುಗ್ಗುತ್ತದೆ. ಅದಕ್ಕೇ 20 ಸೆಂ.ಮೀ. ನೀರಿದ್ದಾಗ ತೂತಿನ ವಿಸ್ತೀರ್ಣವನ್ನು ವೇಗದಿಂದ ಗುಣಿಸಿ ಬಂದ ಸೆಕೆಂಡಿಗೆ 25 ಮಿ.ಲೀ. ನಿಜವಾಗಿ ಸಿಗಲ್ಲ, 0.6ರಿಂದ ಗುಣಿಸಿ. ಸೆಕೆಂಡಿಗೆ 15 ಮಿ.ಲೀ. ಆಸುಪಾಸು. ಅಂಚನ್ನು ನುಣ್ಣಗೆ ದುಂಡು ಮಾಡಿದರೆ ಈ ನಷ್ಟ ಬಹುಪಾಲು ಹೋಗುತ್ತದೆ. ನನಗೆ ಇದು ಎಷ್ಟು ಸಲ ನೋಡಿದರೂ ಸಾಲದು.

ಇನ್ನು ನಲ್ಲಿಗೆ ಬನ್ನಿ. 10 ಲೀಟರ್ ಬಕೆಟ್ 40 ಸೆಕೆಂಡಿನಲ್ಲಿ ತುಂಬಿತು ಅಂದುಕೊಳ್ಳಿ, ಅಂದರೆ ನಿಮಿಷಕ್ಕೆ 15 ಲೀಟರ್. ಪೈಪಿನ ಒಳವ್ಯಾಸ 20 ಮಿ.ಮೀ. ಇದ್ದರೆ ಅದರೊಳಗೆ ನೀರಿನ ವೇಗ ಸೆಕೆಂಡಿಗೆ 0.8 ಮೀಟರ್ ಅಷ್ಟೇ. ಟ್ಯಾಂಕಿನ ನೀರಿನ ಮಟ್ಟ ನಲ್ಲಿಗಿಂತ 5 ಮೀಟರ್ ಮೇಲಿದ್ದರೆ ಸೂತ್ರದ ಪ್ರಕಾರ ಸುಮಾರು 10 ಮೀಟರ್ ವೇಗ ಸಿಗಬೇಕಿತ್ತು! ಉಳಿದದ್ದನ್ನೆಲ್ಲ ಪೈಪಿನ ಗೋಡೆ, ಎಲ್ಬೋಗಳು, ವಾಲ್ವ್, ನಲ್ಲಿಯ ಒಳಗಿನ ಕಿರಿದಾದ ದಾರಿ ತಿಂದು ಹಾಕಿವೆ. ಟ್ಯಾಂಕ್ ದೊಡ್ಡದಾಗಿದ್ದರೆ ಒತ್ತಡ ಜಾಸ್ತಿ ಅಂತ ಹಲವರು ನಂಬಿದ್ದಾರೆ, ಅದು ತಪ್ಪು. ಒತ್ತಡ ಕೊಡುವುದು ಎತ್ತರ ಮಾತ್ರ, 10 ಮೀಟರಿಗೆ ಹತ್ತಿರಹತ್ತಿರ 1 ಬಾರ್.

ಪೈಪಿನ ಅಗಲದಲ್ಲಿ ಮಾತ್ರ ದಯವಿಟ್ಟು ಜಿಪುಣತನ ಮಾಡಬೇಡಿ. ಒಳವ್ಯಾಸ ಅರ್ಧ ಮಾಡಿ ಅಷ್ಟೇ ನೀರು ಹರಿಸಬೇಕೆಂದರೆ ವೇಗ ನಾಲ್ಕು ಪಟ್ಟಾಗುತ್ತದೆ, ನೀರು ಪೈಪಿಗೆ ಉಜ್ಜುವುದರಿಂದ ಆಗುವ ಒತ್ತಡದ ನಷ್ಟ ಸುಮಾರು 30 ಪಟ್ಟು. ಉದ್ದ ಎರಡರಷ್ಟಾದರೆ ನಷ್ಟವೂ ಎರಡರಷ್ಟೇ.

ಪೈಪಿನ ಬಾಯಿಗೆ ಹೆಬ್ಬೆರಳು ಅಡ್ಡ ಇಟ್ಟರೆ ನೀರು ದೂರ ಚಿಮ್ಮುತ್ತದಲ್ಲ, ಆಗ ನೀರು ಜಾಸ್ತಿ ಬರುತ್ತಿದೆ ಅಂದುಕೊಳ್ಳಬೇಡಿ. ಹರಿವು ಕಡಿಮೆಯಾಗಿ ಪೈಪಿನೊಳಗೆ ನಷ್ಟ ಕಡಿಮೆಯಾಗುತ್ತದೆ, ಉಳಿದ ಒತ್ತಡ ಬಾಯಿಯ ಹತ್ತಿರ ವೇಗವಾಗಿ ಹೊರಬರುತ್ತದೆ. ಬಕೆಟ್ ಇಟ್ಟು ನೋಡಿ, ತುಂಬಲು ಹೆಚ್ಚು ಹೊತ್ತು ಹಿಡಿಯುತ್ತದೆ.

ಹಾಗಾಗಿ ದಾರಿಯಲ್ಲಿರುವ ವಾಲ್ವ್‌ಗಳನ್ನೆಲ್ಲ ಪೂರ್ತಿ ತೆರೆದು, ನಲ್ಲಿಯ ಜಾಲರಿ ಬಿಚ್ಚಿ ತೊಳೆದು, ಅದೇ ಬಕೆಟ್ಟನ್ನು ಮತ್ತೊಮ್ಮೆ ತುಂಬಿಸಿ. 40 ಸೆಕೆಂಡ್ 25ಕ್ಕೆ ಇಳಿದರೆ ಪಂಪಿನ ಮಾತೇ ಬೇಡ.