ಒರಿಜಿನಲ್ ಎಂಜಿನ್ನಲ್ಲೇ ಹೆರಾಲ್ಡ್ ಬೆಳಗಾವಿಗೆ ಹೋಗಿ ಬಂತು: ನನ್ನ ಅನುಭವ

ಮನೇಲಿ ಹಳೇ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರು ಇಟ್ಕೊಂಡು, ಬಿಸಿ ಆಗತ್ತೆ ಅಂತ ಮಾರೋಕೆ ಹೊರಟಿರೋರು, ಎಂಜಿನ್ ಕಿತ್ತು ಮಾರುತಿದು ಕೂರ್ಸೋಣ ಅಂತಿರೋರು ಇದನ್ನ ಪೂರ್ತಿ ಓದಿ. ನಂದು 1966ರ ಎರಡು ಬಾಗಿಲಿನ ಗಾಡಿ, ಅದೇ 948 ಸಿಸಿ ಎಂಜಿನ್. ಬೆಂಗಳೂರಿಂದ ಬೆಳಗಾವಿಗೆ ಹೋಗಿ ವಾಪಸ್ ಬಂತು, ಹತ್ರಹತ್ರ ಸಾವಿರ ಕಿಲೋಮೀಟರ್, ಪೆಟ್ರೋಲ್ ಹಾಕ್ಸೋಕೆ ಮತ್ತೆ ಡ್ರೈವರ್ ಬದಲಾಗೋಕೆ ಬಿಟ್ರೆ ಎಲ್ಲೂ ನಿಲ್ಲಿಸ್ಲಿಲ್ಲ, ರೇಡಿಯೇಟರ್‌ಗೆ ಒಂದು ತೊಟ್ಟು ನೀರು ಹಾಕ್ಲಿಲ್ಲ. "ತುಮಕೂರು ದಾಟಿದ್ರೆ ನಾನು ಮೀಸೆ ಬೋಳಿಸ್ಕೊಳ್ತೀನಿ" ಅಂದಿದ್ದ ಒಬ್ಬ ಸ್ನೇಹಿತನಿಗೆ ಚಿತ್ರದುರ್ಗದಿಂದ ಒಂದು, ಹುಬ್ಬಳ್ಳಿಯಿಂದ ಒಂದು ಫೋಟೋ ಕಳಿಸ್ದೆ.

ಈ ಹಠ ಯಾಕಂದ್ರೆ, ಫ್ರಾನ್ಸಲ್ಲಿ ನಡೆಯೋ 24 ಗಂಟೆ ಕಾರ್ ರೇಸ್ ಲೆ ಮಾನ್ಸ್ ಅಂದ್ರೆ ಎಲ್ರಿಗೂ ಫೆರಾರಿ, ಫೋರ್ಡ್ ಜಿಟಿ40 ನೆನಪಾಗತ್ತೆ, ನನಗೆ 1965ರ ಟ್ರಯಂಫ್ ಸ್ಪಿಟ್‌ಫೈರ್. ಹೆರಾಲ್ಡ್ ಚಾಸಿಯನ್ನೇ ಗಿಡ್ಡ ಮಾಡಿ ಕಟ್ಟಿದ ಗಾಡಿ ಅದು, ಎರಡನ್ನೂ ಡಿಸೈನ್ ಮಾಡಿದ್ದು ಇಟಲಿಯ ಡಿಸೈನರ್ ಮಿಕೆಲೊಟ್ಟಿನೇ, ಎಂಜಿನ್ ಕೂಡ ಇದೇ ಕುಟುಂಬದ್ದು, 1147 ಸಿಸಿ. ಆ ವರ್ಷ ಎರಡು ಸ್ಪಿಟ್‌ಫೈರ್‌ಗಳು 24 ಗಂಟೆ ಓಡಿ 13ನೇದು 14ನೇದಾಗಿ ಮುಗಿಸಿ ತಮ್ಮ ಕ್ಲಾಸಲ್ಲಿ ಮೊದಲೆರಡು ಸ್ಥಾನ ತಗೊಂಡ್ವು. ಆ ರೇಸ್ ಗಾಡಿಗಳ ಹೆಡ್ ಬೇರೆ, ಕಾರ್ಬ್ಯುರೇಟರ್ ಬೇರೆ, ಗೊತ್ತು. ಆದ್ರೂ ಅದೇ ವಂಶದ ಎಂಜಿನ್ ಅಲ್ಲಿ ಹಗಲು ರಾತ್ರಿ ಫುಲ್ ಥ್ರಾಟಲಲ್ಲಿ ಓಡಿದೆ ಅಂದ್ಮೇಲೆ ನಮ್ಮ ಹೈವೇಲಿ ಎಂಬತ್ತರಲ್ಲಿ ಯಾಕೆ ಓಡಬಾರ್ದು? ಆ ಪ್ರಶ್ನೆ ನನ್ನ ತಲೆಯಿಂದ ಹೋಗ್ಲೇ ಇಲ್ಲ.

ಸಮಸ್ಯೆ ನಿಮಗೂ ಗೊತ್ತಿರೋದೇ. ವಿಲ್ಸನ್ ಗಾರ್ಡನ್ನು, ಜೆ.ಸಿ. ರೋಡು, ಯಾವ ಟ್ರಾಫಿಕ್ಕಲ್ಲೂ ಟೆಂಪರೇಚರ್ ಮುಳ್ಳು ಅಲ್ಲಾಡಲ್ಲ, ನೆಲಮಂಗಲ ಟೋಲ್ ದಾಟಿ ಎಪ್ಪತ್ತಕ್ಕೆ ಏರ್ಸಿದ್ರೆ ಶುರು, ದಾಬಸ್‌ಪೇಟೆ ಬರೋಷ್ಟ್ರಲ್ಲಿ 105 ಡಿಗ್ರಿ. ಟಾಪ್ ಗೇರಲ್ಲಿ ಎಂಬತ್ತಕ್ಕೆ ಈ ಗಾಡಿ ನಾಲ್ಕು ಸಾವಿರ ಆರ್‌ಪಿಎಂ ಹತ್ರ ತಿರುಗ್ತಾ ಇರತ್ತೆ, ಅದು ನೆನಪಿರ್ಲಿ. ಇನ್ನೊಂದು, ಬೆಂಗಳೂರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿ ತೆರೆದ ಪಾತ್ರೇಲಿ ನೀರು 97ಕ್ಕೇ ಕುದಿಯತ್ತೆ, ಅದಕ್ಕೆ ರೇಡಿಯೇಟರ್ ಕ್ಯಾಪ್ ಪ್ರೆಶರ್ ಹಿಡೀದಿದ್ರೆ ಮಿಕ್ಕಿದ್ದೆಲ್ಲಾ ದಂಡ. ಮೊದಲು ಅದನ್ನ ಚೆಕ್ ಮಾಡ್ಸಿ.

ಇನ್ನು ದುಡ್ಡು ಹೋದ ಕಥೆ. ಎಂಜಿನ್ ಬಿಚ್ಚಿ ಬೋರಿಂಗ್, ಕ್ರ್ಯಾಂಕ್ ಗ್ರೈಂಡಿಂಗ್, ಹೆಡ್ ಫೇಸಿಂಗ್ ಎಲ್ಲಾ ಸೇರಿ ಅರವತ್ತೈದು ಸಾವಿರ ಆಗಿತ್ತು, ಅದು ಹೇಗಿದ್ರೂ ಆಗ್ಬೇಕಿತ್ತು, ಅದನ್ನ ಲೆಕ್ಕಕ್ಕೆ ಹಿಡಿಯಲ್ಲ. ಆಮೇಲೆ ರೇಡಿಯೇಟರ್‌ಗೆ ಮೂರು ಸಾಲಿನ ತಾಮ್ರದ ಕೋರ್ (ನೀರಿನ ಕೊಳವೆ, ಫಿನ್ ಇರೋ ನಡುಭಾಗ) ಹಾಕ್ಸಿ ಅಂದ್ರು, ಒಂಬತ್ತು ಹತ್ತು ಸಾವಿರ, ಟ್ರಾಫಿಕ್ಕಲ್ಲಿ ಇನ್ನೂ ಚೆನ್ನಾಯ್ತು, ಹೈವೇಲಿ ಇನ್ನೂ ಕೆಟ್ಟೋಯ್ತು! ಆಮೇಲೆ ಗುಜರಿಯಿಂದ ಹ್ಯಾಚ್‌ಬ್ಯಾಕ್ ಒಂದರ ಎಲೆಕ್ಟ್ರಿಕ್ ಫ್ಯಾನ್ ತಂದು ಕೂರ್ಸಿದ್ವಿ, ಎರಡು ಸಾವಿರದೊಳಗೇ ಮುಗೀತು, ಉಪಯೋಗ ಸೊನ್ನೆ. ಥರ್ಮೋಸ್ಟಾಟ್ ಕಿತ್ತಾಕಿ ಅನ್ನೋ ಸಲಹೆ ಎಲ್ಲಾ ಕಡೆ ಸಿಗತ್ತೆ, ಅದನ್ನೂ ನೋಡಾಯ್ತು, ಬೆಳಗಿನ ಹೊತ್ತು ಎಂಜಿನ್ ಬೆಚ್ಚಗಾಗೋದೇ ಲೇಟ್ ಆಯ್ತು, ಮಧ್ಯಾಹ್ನದ ಕಥೆ ಹಾಗೇ ಇತ್ತು. ಕೊನೇಗೆ ಒಂದು ವರ್ಕ್‌ಶಾಪಲ್ಲಿ ಅಲ್ಯುಮಿನಿಯಂ ರೇಡಿಯೇಟರ್ ಆರ್ಡರ್ ಕೊಟ್ಟು ಇಪ್ಪತ್ತೆರಡು ಸಾವಿರ ಸುರಿದೆ, ಮೂಲೆ ವೆಲ್ಡಿಂಗಲ್ಲಿ ಲೀಕು, ವಾಪಸ್ ತಗೊಳಲ್ಲ ಅಂದ್ರು. ಅದು ಇವತ್ತೂ ನಮ್ಮ ಅಟ್ಟದ ಮೇಲಿದೆ.

ನಮ್ಮ ಮೆಕ್ಯಾನಿಕ್ ಅಣ್ಣ ಒಳ್ಳೇ ಕೈಯವರು, ಅವರೇ ಬೇಜಾರಾಗಿ "ಬಿಡಿ ಸಾರ್, ಸಿಟೀಲಿ ಓಡ್ಸಿ, ಮದುವೆ ಮುಂಜಿಗೆ ಚೆನ್ನಾಗಿರತ್ತೆ" ಅಂದ್ಬಿಟ್ರು.

ದಾರಿ ಸಿಕ್ಕಿದ್ದು ಹಿರಿಯೂರಲ್ಲಿ. ಶಿರಾ ಕಡೆಯಿಂದ ರಾತ್ರಿ ನಿಧಾನಕ್ಕೆ ಬರ್ತಿದ್ವಿ, ಮಳೆ ನಿಂತು ಹುಳ ಅಂದ್ರೆ ಹುಳ, ಗಾಜೆಲ್ಲಾ ಅಂಟು. ಪೆಟ್ರೋಲ್ ಬಂಕಲ್ಲಿ ಬಾನೆಟ್ ಮುಂದಕ್ಕೆ ಎತ್ತಿ ಟಾರ್ಚ್ ಬಿಟ್ಟು ನೋಡ್ತೀನಿ, ರೇಡಿಯೇಟರ್ ಮಧ್ಯದಲ್ಲಿ ಅಂಗೈ ಅಗಲದ ಒಂದು ಪಟ್ಟಿ ಪೂರ್ತಿ ಹುಳದ ರೆಕ್ಕೆ ಕಾಲು ಸಿಕ್ಕಾಕೊಂಡು ಕಪ್ಪಾಗಿದೆ, ಎಡಗಡೆ ಬಲಗಡೆ ಫಿನ್‌ಗಳು ಫಳಫಳ ಅಂತಿವೆ. ಆದ್ರೆ ರೇಡಿಯೇಟರ್ ಪಕ್ಕದ ಸಂದಿ ದಾಟಿ ಹಿಂದಿರೋ ಬ್ಯಾಟರಿ ತಟ್ಟೆ, ಸ್ಟೀರಿಂಗ್ ಕಾಲಂ ಮೇಲೆಲ್ಲಾ ಹುಳ! ಅಂದ್ರೆ ಗಾಳಿ ಕೋರ್ ಒಳಗೆ ಹೋಗ್ತಾನೇ ಇಲ್ಲ, ಪಕ್ಕದಿಂದ ಜಾರ್ಕೊಂಡು ಹೋಗ್ತಿದೆ.

ತಕ್ಷಣ ನೆನಪಾಗಿದ್ದು ಪೋರ್ಷೆ 917 ರೇಸ್ ಕಾರು. 1969ರಲ್ಲಿ ಆ ಗಾಡಿ ಸ್ಪೀಡಲ್ಲಿ ರೋಡ್ ಹಿಡೀತಿರ್ಲಿಲ್ಲ, ಡ್ರೈವರ್‌ಗಳೇ ಹತ್ತೋಕೆ ಹೆದರ್ತಿದ್ರು. ಆ ವರ್ಷ ಅಕ್ಟೋಬರಲ್ಲಿ ಆಸ್ಟ್ರಿಯಾದ ಟ್ರ್ಯಾಕಲ್ಲಿ ಟೆಸ್ಟ್ ಮಾಡ್ತಿದ್ದಾಗ ಜಾನ್ ಹಾರ್ಸ್‌ಮನ್ ಅನ್ನೋ ಎಂಜಿನಿಯರ್ ನೋಡಿದ್ದು ಇದನ್ನೇ, ಮೈಮೇಲೆಲ್ಲಾ ಸತ್ತ ಹುಳ ಇದೆ, ಹಿಂದಿನ ಸ್ಪಾಯ್ಲರ್ ಮೇಲೆ ಮಾತ್ರ ಇಲ್ಲ, ಅಂದ್ರೆ ಗಾಳಿ ಅಲ್ಲಿಗೆ ಮುಟ್ತಿಲ್ಲ. ಅಲ್ಲೇ ಅಲ್ಯುಮಿನಿಯಂ ಶೀಟ್ ಕತ್ತರಿಸಿ ಬಾಲ ಎತ್ತರ ಮಾಡಿದ್ರು, ಗಾಡಿ ಸರಿಹೋಯ್ತು. ಮುಂದಿನ ವರ್ಷ ಹರ್ಮನ್ ಮತ್ತೆ ಆಟ್‌ವುಡ್ 917ರಲ್ಲೇ ಲೆ ಮಾನ್ಸ್ ಗೆದ್ರು, ಪೋರ್ಷೆಗೆ ಅಲ್ಲಿ ಮೊದಲ ಓವರಾಲ್ ಗೆಲುವು ಅದು. ನನಗೆ ಈ ರೇಸಿಂಗ್ ಇಷ್ಟ ಆಗೋದು ಇಂಥಾ ಜನಕ್ಕೇ, ಕಣ್ಣು ಬಿಟ್ಟು ಗಾಡಿ ನೋಡೋರಿಗೆ.

ವಾಪಸ್ ಬಂದು ಸ್ಪಿಟ್‌ಫೈರ್ ಫೋಟೋಗಳನ್ನ ಜೂಮ್ ಮಾಡಿ ನೋಡಿದ್ರೆ ರೇಡಿಯೇಟರ್ ಎರಡೂ ಪಕ್ಕ ರಟ್ಟಿನ ತಡೆ ಇದೆ. ನನ್ನ ಗಾಡೀಲಿ ಆ ಜಾಗದಲ್ಲಿ ಏನೂ ಇಲ್ಲ, ಬರೀ ಸಂದಿ. ಮೂರು ಸಾಲಿನ ಕೋರ್ ಯಾಕೆ ಕೆಟ್ಟದಾಯ್ತು ಅಂತಾನೂ ಅರ್ಥ ಆಯ್ತು, ಕೋರ್ ದಪ್ಪ ಆದಷ್ಟೂ ಗಾಳಿಗೆ ಒಳಗೆ ನುಗ್ಗೋಕೆ ಕಷ್ಟ, ಸುಲಭದ ಸಂದಿ ಹಿಡಿಯತ್ತೆ.

ಒಂದು ಎಂಎಂ ಅಲ್ಯುಮಿನಿಯಂ ಶೀಟ್, ರಿವೆಟ್, ಬಾಗಿಲಿನ ರಬ್ಬರ್ ಬೀಡಿಂಗ್, ಎಲ್ಲಾ ಸೇರಿ ಒಂದೂವರೆ ಸಾವಿರ ಚಿಲ್ಲರೆ. ಮೊದಲು ರಟ್ಟಲ್ಲಿ ಟೆಂಪ್ಲೇಟ್ ಮಾಡಿ ಆಮೇಲೆ ಶೀಟ್ ಕತ್ತರಿಸಿ, ಗ್ರಿಲ್ಲಿಂದ ಕೋರ್‌ವರೆಗೂ ಎರಡು ಪಕ್ಕ, ಮೇಲೆ, ಕೆಳಗೆ ಮುಚ್ಚಿ. ಬಾನೆಟ್ ಮುಚ್ಚಿದಾಗ ಬೀಡಿಂಗ್ ಅದಕ್ಕೆ ಒತ್ತಿ ಕೂರ್ಬೇಕು, ಬೆರಳು ತೂರೋಷ್ಟು ಜಾಗ ಬಿಟ್ರೂ ಕೆಲಸ ಅರ್ಧ. ಗ್ರಿಲ್ ಕೆಳಗಡೆ ಒಂದು ಸಣ್ಣ ತುಟಿ ಥರದ್ದು ಇದೆ, ಅದರ ಕೋನ ಮಾತ್ರ ನಾನು ಹೇಳಲ್ಲ, ಬಹಳ ಕಷ್ಟಪಟ್ಟು ಸಿಕ್ಕಿದ್ದು. ಎಂಜಿನ್ ಆಯಿಲ್ ಯಾವ್ದು ಅನ್ನೋದೂ ನನ್ನ ಹತ್ರಾನೇ ಇರ್ಲಿ.

ಈ ಮಧ್ಯೆ ಒಬ್ಬರು ಬಾನೆಟ್ ಹಿಂದಿನ ಅಂಚಿಗೆ ವಾಷರ್ ಕೊಟ್ಟು ಎತ್ತಿ, ಬಿಸಿ ಗಾಳಿ ಹೊರಗೆ ಹೋಗತ್ತೆ ಅಂದ್ರು. ಉಲ್ಲನ್ ನೂಲಿನ ತುಂಡು ಅಂಟಿಸಿ ಎಪ್ಪತ್ತರಲ್ಲಿ ಓಡ್ಸಿ ಪಕ್ಕದ ಸೀಟಿಂದ ವಿಡಿಯೋ ಮಾಡಿದ್ವಿ, ನೂಲೆಲ್ಲಾ ಒಳಗಡೆಗೇ ಎಳ್ಕೊಂಡಿದೆ! ಗಾಜಿನ ಬುಡದಲ್ಲಿ ಗಾಳಿ ಒತ್ತಡ ಜಾಸ್ತಿ, ಅಲ್ಲಿಂದ ಹೊರಗೆ ಹೋಗಲ್ಲ, ಒಳಗೆ ಬರತ್ತೆ. ವಾಷರ್ ತೆಗ್ದೆ.  ಪೆಟ್ರೋಲ್ ಪೈಪ್ ಎಲ್ಲಾ ಎಥನಾಲ್ ತಡಿಯೋ ಥರದ್ದು ಹಾಕ್ಸಿ, ಹಳೇ ರಬ್ಬರ್ ಈಗಿನ ಪೆಟ್ರೋಲ್‌ಗೆ ಉಬ್ಬಿ ಮೆತ್ತಗಾಗತ್ತೆ.

ಶನಿವಾರ ಸಾಯಂಕಾಲ ನಾಲ್ಕಕ್ಕೆ, ಲೆ ಮಾನ್ಸ್ ಶುರುವಾಗೋ ಹೊತ್ತಿಗೇ ಹೊರಟ್ವಿ, ನಾನು ಮತ್ತೆ ಇನ್ನೊಬ್ಬ ಗೆಳೆಯ, ಒಂದೊಂದು ಟ್ಯಾಂಕ್‌ಗೆ ಒಬ್ಬೊಬ್ಬರು. ಟ್ಯಾಂಕ್ ಮೂವತ್ತು ಲೀಟರ್ ಹಿಡಿಯಲ್ಲ, ಹನ್ನೆರಡು ಹದಿಮೂರು ಮೈಲೇಜು. ಗೊರಗುಂಟೆಪಾಳ್ಯದ ಜಾಮಲ್ಲಿ 86 ಡಿಗ್ರಿ, ಶಿರಾದಲ್ಲಿ 88, ಚಿತ್ರದುರ್ಗದ ಗಾಳೀಲಿ ಎಂಬತ್ತು ಹಿಡಿಯೋಕೆ ಪೆಡಲ್ ಪೂರ್ತಿ ಒತ್ತಬೇಕಾಯ್ತು, ಆಗ್ಲೂ 91 ದಾಟ್ಲಿಲ್ಲ. ದಾವಣಗೆರೇಲಿ ಬೆಣ್ಣೆ ದೋಸೆಗೂ ನಿಲ್ಲಿಸ್ಲಿಲ್ಲ, ಗೆಳೆಯನಿಗೆ ಅದೊಂದು ಸಿಟ್ಟು ಇನ್ನೂ ಇದೆ. ಧಾರವಾಡ, ಕಿತ್ತೂರು ಕಡೆ ತಂಪಲ್ಲಿ ಮುಳ್ಳು 84ರಲ್ಲಿ ನಿಂತಿದ್ದು ಅಲ್ಲಾಡ್ಲಿಲ್ಲ. ಭಾನುವಾರ ತಿಂಡಿ ಹೊತ್ತಿಗೆ ಬೆಂಗಳೂರು, ಪೆಟ್ರೋಲ್ ಖರ್ಚು ಎಂಟು ಸಾವಿರದ ಮೇಲೆ ಸ್ವಲ್ಪ. ಸೀದಾ ಮೆಕ್ಯಾನಿಕ್ ಅಣ್ಣನ ಮನೆ ಮುಂದೆ ನಿಲ್ಲಿಸಿ ಬಾನೆಟ್ ಎತ್ತಿದೆ. ಕೋರ್ ಪೂರ್ತಿ, ಅಂಚಿಂದ ಅಂಚಿಗೆ, ಹುಳ. ಅಣ್ಣ ರೇಡಿಯೇಟರ್ ಪಕ್ಕದ ಶೀಟ್ ಮುಟ್ಟಿ ನೋಡಿ "ಇಷ್ಟೇನಾ ಸಾರ್?" ಅಂದ್ರು.

ಟೆಂಪ್ಲೇಟ್ ನನ್ನ ಹತ್ರ ಇದೆ, ಆದ್ರೆ ಟಿಂಕರಿಂಗ್ ಆಗಿರೋ ಗಾಡಿಗಳು ಒಂದೊಂದು ಒಂದೊಂದು ಅಳತೆ, ಹಾಗೇ ಕೂರಲ್ಲ, ಗಾಡಿ ತಗೊಂಡೇ ಬನ್ನಿ. ನಾಲ್ಕು ಬಾಗಿಲಿನ ಮಾರ್ಕ್ 3ಕ್ಕೆ ಇನ್ನೂ ಮಾಡಿಲ್ಲ, ಯಾರಾದ್ರೂ ಒಂದು ಭಾನುವಾರ ಬಿಟ್ಟುಕೊಟ್ರೆ ಶೀಟು ಬೀಡಿಂಗ್ ಖರ್ಚು ನಂದೇ.