ನಿಧಾನದ ಹಡಗು ಹತ್ತಿ ಗ್ರೀಸ್ ದ್ವೀಪಗಳಿಗೆ

ಗ್ರೀಸ್‌ನ ಸೈಕ್ಲಡೀಸ್ ದ್ವೀಪಗಳಿಗೆ ಹೋಗಿಬಂದೆ ಅಂದರೆ ಎಲ್ಲರೂ ಮೊದಲು ಕೇಳುವುದು, ಯಾವ ದ್ವೀಪ ಚೆನ್ನಾಗಿತ್ತು ಅಂತ. ನಾನು ಹಡಗು ಚೆನ್ನಾಗಿತ್ತು ಅಂತೇನೆ. ತಮಾಷೆಗೆ ಹೇಳುತ್ತಿದ್ದೇನೆ ಅಂದುಕೊಳ್ಳುತ್ತಾರೆ.

ಏಜಿಯನ್ ಸಮುದ್ರದ ಈ ಗುಂಪಿನಲ್ಲಿ ಜನ ಇರುವ ದ್ವೀಪಗಳೇ ಇಪ್ಪತ್ತಕ್ಕಿಂತ ಜಾಸ್ತಿ. ಪಟ್ಟಿ ನೋಡಿದರೆ ಎಲ್ಲಾ ಬೇಕು ಅನ್ನಿಸುತ್ತದೆ. ಆದರೆ ಒಂದು ದ್ವೀಪ ಬಿಟ್ಟು ಇನ್ನೊಂದಕ್ಕೆ ಹೋಗುವುದು ಅಂದರೆ ರೂಮ್ ಖಾಲಿ ಮಾಡಬೇಕು, ಬಂದರಿನಲ್ಲಿ ಕಾಯಬೇಕು, ಹಡಗಿನಲ್ಲಿ ಕೂರಬೇಕು, ಆ ಕಡೆ ಇಳಿದು ಮತ್ತೆ ರೂಮ್ ಹುಡುಕಬೇಕು, ಅಲ್ಲಿಗೆ ಅರ್ಧ ದಿನ ಮುಗಿಯಿತು. ಹಾಗಾಗಿ ನಾನು ಮೂರೇ ಇಟ್ಟುಕೊಂಡೆ: ನಾಕ್ಸೊಸ್, ಕೂಫೊನಿಸಿ, ಸಾಂಟೊರಿನಿ. ಮೂರೂ ಅಕ್ಕಪಕ್ಕದಲ್ಲೇ ಇವೆ, ಹಿಂದೆ ಮುಂದೆ ಓಡಾಡುವ ಕಷ್ಟ ಕಡಿಮೆ.

ಕಾಲ ಆರಿಸುವಾಗ ನಾನು ನೋಡಿದ್ದು ಗಾಳಿಯನ್ನು. ಜುಲೈ, ಆಗಸ್ಟ್‌ನಲ್ಲಿ ಅಲ್ಲಿ ಉತ್ತರದಿಂದ ಮೆಲ್ಟೆಮಿ ಅನ್ನುವ ಗಾಳಿ ಬೀಸುತ್ತದೆ. ಆಕಾಶ ನೀಲಿ, ಬಿಸಿಲು ಚೆನ್ನಾಗಿಯೇ ಇರುತ್ತದೆ, ಆದರೆ ಮರಳು ಬಂದು ಮುಖಕ್ಕೆ ಹೊಡೆಯುತ್ತದೆ. ಸೆಪ್ಟೆಂಬರ್ ಹೊತ್ತಿಗೆ ಗಾಳಿಯೂ ತಗ್ಗುತ್ತದೆ, ಜನವೂ ತಗ್ಗುತ್ತಾರೆ. ಬೇಸಿಗೆಯೆಲ್ಲಾ ಕಾದ ಸಮುದ್ರ ಮಾತ್ರ ಇನ್ನೂ ಬೆಚ್ಚಗೇ ಇರುತ್ತದೆ, 24 ಡಿಗ್ರಿ ಆಸುಪಾಸು. ಸೆಪ್ಟೆಂಬರ್‌ಗೇ ಹೋದೆ.

ಇನ್ನು ಹಡಗು. ಅಥೆನ್ಸ್‌ನ ಪಿರೇಯಸ್ ಬಂದರಿನಿಂದ ಎರಡು ಥರದವು ಹೊರಡುತ್ತವೆ. ಜೋಡಿ ಒಡಲಿನ ವೇಗದ ಹಡಗು, ಅಂದರೆ ಕ್ಯಾಟಮರಾನ್, ಬೇಗ ಮುಟ್ಟಿಸುತ್ತದೆ, ಆದರೆ ಹೆಚ್ಚಿನವುಗಳಲ್ಲಿ ಗಾಜಿನ ಹಿಂದೆ ಸೀಟಿನಲ್ಲಿ ಕೂತೇ ಹೋಗಬೇಕು, ಅಲೆ ಎದ್ದರೆ ಹೊಟ್ಟೆ ತೊಳಸುವುದು ಗ್ಯಾರಂಟಿ. ಇನ್ನೊಂದು ಲಾರಿ, ಕಾರು, ಜನ ಎಲ್ಲರನ್ನೂ ತುಂಬಿಕೊಂಡು ಹೋಗುವ ದೊಡ್ಡ ಹಡಗು. ನಾಕ್ಸೊಸ್‌ಗೆ ಐದು ಗಂಟೆಗಿಂತ ಜಾಸ್ತಿ ಹಿಡಿಯುತ್ತದೆ, ಟಿಕೆಟ್ ಅಗ್ಗ, ಮೇಲೆ ತೆರೆದ ಡೆಕ್. ರಜೆಗೆ ಬಂದವರಿಗೆ ಅಷ್ಟು ಅವಸರ ಯಾಕೆ? ಸೀಟ್ ನಂಬರ್ ಇಲ್ಲದ ಅಗ್ಗದ ಟಿಕೆಟ್ ತೆಗೆದುಕೊಂಡು ಸೀದಾ ಡೆಕ್‌ಗೆ ಹತ್ತಿದೆ. ಹಡಗು ಹೋಗುವುದು ಆಗ್ನೇಯಕ್ಕೆ, ಹಾಗಾಗಿ ಬೆಳಗಿನ ಬಿಸಿಲು ಎಡಗಡೆ ಬೀಳುತ್ತದೆ, ಮಧ್ಯಾಹ್ನದ ಮೇಲೆ ಬಲಗಡೆ. ಎಡಗಡೆ ಕೂತರೆ ಇನ್ನೊಂದು ಲಾಭ ಇದೆ. ಸೂನಿಯನ್ ಭೂಶಿರದ ತುದಿಯಲ್ಲಿ ಕ್ರಿ.ಪೂ. 5ನೇ ಶತಮಾನದ, ಸಮುದ್ರದ ದೇವರು ಪೊಸೈಡನ್‌ನ ದೇವಸ್ಥಾನದ ಕಂಬಗಳು ಕಾಣುತ್ತವೆ. ಆಮೇಲೆ ಎದ್ದು ನೆರಳಿನ ಕಡೆಗೆ ಹೋದರಾಯಿತು.

ನನಗೆ ತುಂಬಾ ಇಷ್ಟವಾಗಿದ್ದು ದಾರಿಯಲ್ಲಿ ಪಾರೋಸ್‌ನಲ್ಲಿ ಹಡಗು ನಿಂತ ರೀತಿ. ಅಷ್ಟು ದೊಡ್ಡ ಹಡಗು ಬಂದರಿನೊಳಗೇ ಗಿರಕಿ ಹೊಡೆದು, ಲಂಗರು ಬಿಟ್ಟು, ಹಿಮ್ಮುಖವಾಗಿ ಕಟ್ಟೆಗೆ ಬರುತ್ತದೆ. ಇನ್ನೂ ತಾಗಿರುವುದಿಲ್ಲ, ಅಷ್ಟರಲ್ಲೇ ಹಿಂದಿನ ದೊಡ್ಡ ಬಾಗಿಲು ಕೆಳಗಿಳಿಯುತ್ತಿರುತ್ತದೆ, ಹಗ್ಗ ಎಸೆಯುವವರು ಒಂದು ಕಡೆ, ಸೀಟಿ ಊದುವವರು ಇನ್ನೊಂದು ಕಡೆ. ಒಳಗೆ ಇಳಿಯುವವರೆಲ್ಲಾ ಲಾರಿಗಳ ಮಧ್ಯೆ ಡೀಸೆಲ್ ವಾಸನೆಯಲ್ಲಿ ಬ್ಯಾಗ್ ಹಿಡಿದು ನಿಂತಿರುತ್ತಾರೆ. ಬಾಗಿಲು ಕಟ್ಟೆಗೆ ತಾಗಿತೋ ಇಲ್ಲವೋ, ಜನ, ಬೈಕು, ಟೊಮೆಟೊ ಲಾರಿ ಎಲ್ಲಾ ಒಟ್ಟಿಗೆ ಹೊರಗೆ. ಹತ್ತುವವರು ಅದೇ ಬಾಗಿಲಿನಲ್ಲಿ ಒಳಗೆ. ಕೆಲವೇ ನಿಮಿಷ, ಮತ್ತೆ ಹೊರಟಿತು. ಬ್ಯಾಗ್ ಇಡುವ ಕಪಾಟುಗಳ ಮೇಲೆ ದ್ವೀಪದ ಹೆಸರು ಬರೆದಿರುತ್ತಾರೆ, ಅದನ್ನು ನೋಡಿ ಇಡಿ. ನಿಮ್ಮ ದ್ವೀಪದ ಹೆಸರು ಮೈಕಿನಲ್ಲಿ ಕೂಗಿದ ತಕ್ಷಣ ಕೆಳಗಿಳಿಯಿರಿ, ಅವರು ಯಾರಿಗೂ ಕಾಯುವುದಿಲ್ಲ.

ನಾಕ್ಸೊಸ್ ಹತ್ತಿರ ಬಂದರೆ ಪೊರ್ತಾರಾ ಡೆಕ್‌ನಿಂದಲೇ ಕಾಣುತ್ತದೆ. ಅಮೃತಶಿಲೆಯ ಭಾರಿ ಬಾಗಿಲು, ಬಾಗಿಲು ಮಾತ್ರ! ಕ್ರಿ.ಪೂ. 6ನೇ ಶತಮಾನದಲ್ಲಿ ಶುರು ಮಾಡಿದ ದೇವಸ್ಥಾನ, ಮುಗಿಸಲೇ ಇಲ್ಲ. ಸೈಕ್ಲಡೀಸ್‌ನಲ್ಲಿ ಇದೇ ದೊಡ್ಡ ದ್ವೀಪ, 1,004 ಮೀಟರ್ ಎತ್ತರದ ಜಾಸ್ ಬೆಟ್ಟವೂ ಇಲ್ಲೇ ಇರುವುದು. ಹೊಲ, ಆಲೂಗಡ್ಡೆ, ಚೀಸ್ ಎಲ್ಲಾ ಇರುವುದರಿಂದ ಬರೀ ಪ್ರವಾಸಿಗಳನ್ನೇ ನಂಬಿಕೊಂಡ ಊರು ಅನ್ನಿಸುವುದಿಲ್ಲ. ಪಶ್ಚಿಮ ತೀರದ ಆಯಿಯಾ ಅನ್ನಾ, ಪ್ಲಾಕಾ ಬೀಚ್‌ಗಳಿಗೆ ಊರಿನಿಂದ ಬಸ್ ಇದೆ, ನಾನು ಕಾರು ತೆಗೆದುಕೊಳ್ಳಲಿಲ್ಲ.

ಅಲ್ಲಿಂದ ಕೂಫೊನಿಸಿಗೆ ಸ್ಕೊಪೆಲಿಟಿಸ್ ಅನ್ನುವ ಸಣ್ಣ ಹಡಗು. ನಾಕ್ಸೊಸ್ ಮತ್ತು ಅಮೊರ್ಗೊಸ್ ನಡುವಿನ ಪುಟ್ಟ ದ್ವೀಪಗಳಿಗೆಲ್ಲಾ ಇದೇ ಬಸ್ಸು ಅಂದರೂ ತಪ್ಪಿಲ್ಲ. ದಿನಸಿ ಡಬ್ಬಗಳು, ಅಜ್ಜಿಯರು, ಬೆನ್ನಿಗೆ ಬ್ಯಾಗ್ ಹಾಕಿಕೊಂಡ ಹುಡುಗರು, ಎಲ್ಲರೂ ಅದರಲ್ಲೇ. ನಾಕ್ಸೊಸ್‌ನ ಮರೆ ದಾಟಿದ ಮೇಲೆ ಅಲೆ ಸ್ವಲ್ಪ ಜೋರು, ಸಣ್ಣ ಹಡಗಾದ್ದರಿಂದ ಓಲಾಡುತ್ತದೆ. ನಡುಭಾಗದಲ್ಲಿ, ಹೊರಗಡೆ, ದೂರದ ದಡ ನೋಡುತ್ತಾ ಕೂತರೆ ಏನೂ ಆಗುವುದಿಲ್ಲ.

ಕೂಫೊನಿಸಿಯನ್ನು ನಡೆದೇ ಸುತ್ತಬಹುದು. ಊರಿನಿಂದ ಪೋರಿ ಬೀಚ್‌ವರೆಗೆ ತೀರದ ಉದ್ದಕ್ಕೂ ಕಾಲುದಾರಿ. ಒಂದು ಕಡೆ ನೀರಿಗಿಳಿಯುವುದು, ಮೈ ಒಣಗುವ ತನಕ ನಡೆಯುವುದು, ಮತ್ತೆ ಇಳಿಯುವುದು, ನನ್ನ ಕಾರ್ಯಕ್ರಮ ಇಷ್ಟೇ. ಪೋರಿಗೆ ಸ್ವಲ್ಪ ಮೊದಲು ಬಂಡೆಯಲ್ಲಿ ತಾನಾಗಿಯೇ ಆದ ಒಂದು ಕೊಳ ಇದೆ, ಕೆಳಗಿನಿಂದ ಸಮುದ್ರ ಒಳಗೆ ಬರುತ್ತದೆ. ಅಂಚಿನಲ್ಲಿ ಕೂತು ಕಾಲು ಬಿಟ್ಟರೆ ನೀರು ಮೊಣಕಾಲವರೆಗೆ ಏರುತ್ತದೆ, ಮತ್ತೆ ಪಾದ ಬಿಟ್ಟು ಇಳಿಯುತ್ತದೆ. ಎಷ್ಟು ಹೊತ್ತು ಸುಮ್ನೆ ಹಾಗೇ ಕೂತಿದ್ದೆನೋ.

ಎದುರಿಗೆ ಕೆರೋಸ್ ಅನ್ನುವ ಬರಡು ದ್ವೀಪ. ಅಲ್ಲಿ ಸುಮಾರು 4,500 ವರ್ಷ ಹಿಂದಿನ ಅಮೃತಶಿಲೆಯ ಬೊಂಬೆಗಳ ಚೂರುಗಳು ರಾಶಿ ಸಿಕ್ಕಿವೆ. ಬೇರೆ ದ್ವೀಪಗಳಲ್ಲಿ ಬೇಕಂತಲೇ ಒಡೆದು, ಚೂರುಗಳನ್ನು ದೋಣಿಯಲ್ಲಿ ಇಲ್ಲಿಗೆ ತಂದು ಹೂಳುತ್ತಿದ್ದರು ಅಂತ ಅಗೆದವರು ಹೇಳುತ್ತಾರೆ. ಆ ಅಲೆಯಲ್ಲಿ, ಹುಟ್ಟು ಹಾಕಿಕೊಂಡು! ನನಗೆ ಸ್ಕೊಪೆಲಿಟಿಸ್ ಮೇಲೆ ಗೌರವ ಬಂತು.

ಸಾಂಟೊರಿನಿಯಲ್ಲಿ ಜನ ಜಾಸ್ತಿ, ಬೆಲೆಯೂ ಜಾಸ್ತಿ. ಅಲ್ಲಿನ ಇಯಾ ಅನ್ನುವ ಊರಿನಲ್ಲಿ ಸೂರ್ಯಾಸ್ತ ನೋಡಲು ನಿಂತರೆ ಕಾಣುವುದು ಮುಂದಿನವರ ಫೋನು. ಆದರೂ ಹಡಗಿನಲ್ಲಿ ಹೋದರೆ ಒಂದು ಭಾಗ್ಯ ಸಿಗುತ್ತದೆ. ಸುಮಾರು 3,600 ವರ್ಷದ ಹಿಂದೆ ಜ್ವಾಲಾಮುಖಿ ಸಿಡಿದಾಗ ಕುಸಿದ ಜಾಗದಲ್ಲಿ ಈಗ ಸಮುದ್ರ ಇದೆ, ಹಡಗು ಸೀದಾ ಅದರೊಳಕ್ಕೇ ಹೋಗುತ್ತದೆ. ಸುತ್ತ ಸುಮಾರು 300 ಮೀಟರ್ ಎತ್ತರದ ಗೋಡೆ, ಕಪ್ಪು, ಕೆಂಪು, ಬೂದಿ ಬಣ್ಣದ ಪದರಗಳು, ಮೇಲೆ ಅಂಚಿನಲ್ಲಿ ಬಿಳಿ ಮನೆಗಳು. ವಿಮಾನದಲ್ಲಿ ಬಂದವರಿಗೆ ಈ ಪ್ರವೇಶ ಸಿಗುವುದಿಲ್ಲ. ಆಗ ಬೂದಿಯಲ್ಲಿ ಮುಚ್ಚಿಹೋದ ಊರು ಅಕ್ರೊತಿರಿ, 1967ರಿಂದ ಅಗೆಯುತ್ತಿದ್ದಾರೆ, ಚಾವಣಿ ಇರುವುದರಿಂದ ಮಧ್ಯಾಹ್ನದ ಬಿಸಿಲಿಗೆ ಒಳ್ಳೆಯ ಜಾಗ. ಊಟಕ್ಕೆ ಫಾವಾ ಕೇಳಿ. ಹಳದಿ ಬೇಳೆ ಬೇಯಿಸಿ ನುಣ್ಣಗೆ ಮಾಡಿ, ಆಲಿವ್ ಎಣ್ಣೆ, ಈರುಳ್ಳಿ ಹಾಕಿ ಕೊಡುತ್ತಾರೆ, ಒಗ್ಗರಣೆ ಇಲ್ಲದ ಗಟ್ಟಿ ತೊವ್ವೆ ಅಂದುಕೊಳ್ಳಿ.

ಗಾಳಿ ಜೋರಾದರೆ ಬಂದರಿನ ಅಧಿಕಾರಿಗಳು ಹಡಗು ಬಿಡಲು ಒಪ್ಪುವುದಿಲ್ಲ, ಯಾರು ಗೋಗರೆದರೂ ಅಷ್ಟೇ. ಅದಕ್ಕೇ ಕೊನೆಯ ಹಡಗು ಮತ್ತು ವಿಮಾನದ ಮಧ್ಯೆ ಅಥೆನ್ಸ್‌ನಲ್ಲಿ ಒಂದು ರಾತ್ರಿ ಇಟ್ಟುಕೊಂಡಿದ್ದೆ, ಅದನ್ನು ಮಾತ್ರ ಯಾರೂ ಉಳಿಸಲು ಹೋಗಬೇಡಿ. ಮುಂದಿನ ಸಲ ಕೂಫೊನಿಸಿಯಿಂದ ವಾಪಸ್ ಬರದೆ ಅದೇ ಸಣ್ಣ ಹಡಗಿನಲ್ಲಿ ಅಮೊರ್ಗೊಸ್‌ವರೆಗೂ ಹೋಗಬೇಕು ಅಂತಿದೆ. ಸಾಂಟೊರಿನಿ ಬಿಡಬೇಕಾಗುತ್ತದೆ, ಬಿಡುತ್ತೇನೆ.