ಹನ್ನೊಂದು ತಿಂಗಳ ಎಚ್‌ಆರ್‌ಎ

ತಪ್ಪು ನನ್ನದೇ. ಬೆಂಗಳೂರಿಂದ ನಮ್ಮ ತಾಲ್ಲೂಕು ಕಚೇರಿಗೆ ವರ್ಗವಾಗಿ ಬಂದ ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕಿ) ಮೇಡಂ ಒಬ್ಬರ ಎಲ್‌ಪಿಸಿ, ಅಂದರೆ ಹಿಂದಿನ ಕಚೇರಿಯ ಕೊನೆಯ ವೇತನ ಪ್ರಮಾಣಪತ್ರ ನೋಡಿ, ಸಂಬಳದ ತಂತ್ರಾಂಶವಾದ ಎಚ್‌ಆರ್‌ಎಂಎಸ್‌ನಲ್ಲಿ ವಿವರ ತುಂಬಿದವನು ನಾನು. ಬೇಸಿಕ್ (ಮೂಲ ವೇತನ) ಸರಿ ಇತ್ತು, ಕೆಜಿಐಡಿ (ಸರ್ಕಾರಿ ವಿಮೆ) ಕಡಿತ ಸರಿ ಇತ್ತು. ಮನೆ ಬಾಡಿಗೆ ಭತ್ಯೆ (ಎಚ್‌ಆರ್‌ಎ) ಮಾತ್ರ ಬೆಂಗಳೂರಿನ 24%ರಲ್ಲೇ ಉಳಿದುಬಿಟ್ಟಿತ್ತು. ನಮ್ಮೂರಿಗೆ ಇದ್ದದ್ದು 8%. ಆಗಿನ್ನೂ ಆರನೇ ವೇತನ ಆಯೋಗದ ದರ.

"ಅವರದ್ದೂ ನನ್ನದೂ ಒಂದೇ ಬೇಸಿಕ್, ನನಗ್ಯಾಕೆ ಕಡಿಮೆ?" ಅಂತ ಇನ್ನೊಬ್ಬ ಸಿಬ್ಬಂದಿ ಕೇಳಿದಾಗಲೇ ಗೊತ್ತಾಗಿದ್ದು. ಅಷ್ಟರಲ್ಲಿ 11 ತಿಂಗಳು ಕಳೆದಿತ್ತು.

"ಮುಂದಿನ ಬಿಲ್ಲಲ್ಲೇ ಪೂರ್ತಿ ಹಿಡಿದುಬಿಡಿ" ಅಂದರು ಸಾಹೇಬರು. ನಾನು ಮೊದಲು ತಿಂಗಳುವಾರು ತಖ್ತೆ ಹಾಕಿದೆ. ಸುಮ್ನೆ 11ರಿಂದ ಗುಣಿಸಿದರೆ ಲೆಕ್ಕ ತಪ್ಪುತ್ತೆ, ಮಧ್ಯೆ ಇನ್‌ಕ್ರಿಮೆಂಟ್ ಬಂದಿತ್ತಲ್ವಾ? ಹೆಚ್ಚು ಹೋಗಿದ್ದು ಬೇಸಿಕ್‌ನ 16%: ಬೇಸಿಕ್ 28,300 ಇದ್ದ 8 ತಿಂಗಳಿಗೆ 4,528ರಂತೆ, 28,950 ಆದ 3 ತಿಂಗಳಿಗೆ 4,632ರಂತೆ. ಒಟ್ಟು 50,120 ರೂಪಾಯಿ. ತಖ್ತೆ ಲಗತ್ತಿಸಿ ನೋಟಿಸ್ ಕೊಟ್ಟೆ.

ಮರುದಿನ ಮೇಡಂ ಮೊಬೈಲ್ ಹಿಡಿದುಕೊಂಡೇ ಬಂದರು. "ನಾನೇನು ಜಾಸ್ತಿ ಕೊಡಿ ಅಂತ ಕೇಳಿದ್ನಾ ಸರ್?" ಮೊಬೈಲಿನಲ್ಲಿ ಇದ್ದದ್ದು ರಫೀಖ್ ಮಸಿಹ್ ಪ್ರಕರಣದ ತೀರ್ಪು, ಸುಪ್ರೀಂ ಕೋರ್ಟ್, 2014ರ ಡಿಸೆಂಬರ್. ತಪ್ಪಿ ಹೆಚ್ಚು ಕೊಟ್ಟ ಸಂಬಳವನ್ನು ನೌಕರರಿಂದ ವಸೂಲಿ ಮಾಡಬಾರದ ಐದು ಸಂದರ್ಭ ಅದರಲ್ಲಿವೆ. ಮೊದಲನೆಯದೇ 'ಸಿ' ಮತ್ತು 'ಡಿ' ವೃಂದದವರದು. ಎಫ್‌ಡಿಎ 'ಸಿ' ವೃಂದ. ಹೆಚ್ಚು ಬಂದರೆ ಹಿಂದಿರುಗಿಸುತ್ತೇನೆ ಅಂತ ಮುಚ್ಚಳಿಕೆ ಬರೆದುಕೊಟ್ಟವರಿಂದ ಹಿಡಿಯಬಹುದು ಅಂತ 2016ರ ಜಗದೇವ್ ಸಿಂಗ್ ತೀರ್ಪು ಹೇಳುತ್ತದೆ. ಅವರ ಸೇವಾ ಪುಸ್ತಕ ಹುಡುಕಿದೆ. ಅಂಥ ಮುಚ್ಚಳಿಕೆ ಇರಲಿಲ್ಲ.

ಟಿಪ್ಪಣಿ ಹಾಳೆಯಲ್ಲಿ ಎರಡನ್ನೂ ಬರೆದೆ. ದರ ಈ ತಿಂಗಳಿಂದಲೇ ಸರಿ ಮಾಡಬಹುದು, ಹಳೇ ಹಣವನ್ನು ಅವರು ಒಪ್ಪದೆ ಹಿಡಿಯುವಂತಿಲ್ಲ ಅಂತ. ಸಾಹೇಬರಿಗೆ ಹಿಡಿಸಲಿಲ್ಲ. ಫೈಲು ಒಂದು ವಾರ ಅವರ ಟೇಬಲ್ ಮೇಲೇ ಕೂತಿತ್ತು. ಅವರು ಒಪ್ಪದೆ ಹಿಡಿಯುವಂತಿಲ್ಲ ಅನ್ನೋದನ್ನು ಮೇಡಂಗೂ ಮುಚ್ಚಿಡದೆ ಹೇಳಿದ್ದೆ. ಮುಚ್ಚಿಟ್ಟು ಸಹಿ ಹಾಕಿಸಿಕೊಳ್ಳೋದು ನನ್ನಿಂದಾಗದು.

ಕೊನೆಗೆ ಮೇಡಂ ಅವರೇ ಬಂದರು. "ಇಲ್ಲಿದ್ದು ಬೆಂಗಳೂರು ಬಾಡಿಗೆ ತಿಂದ್ಲು ಅಂತ ಆಡ್ಕೊಳ್ಳೋದು ಬೇಡ ಸರ್. ಹತ್ತು ಕಂತು ಮಾಡಿ." ಒಪ್ಪಿಗೆ ಪತ್ರ ತಾವೇ ಬರೆದುಕೊಟ್ಟರು. ಕಂತಿಗೆ 5,012ರಂತೆ ಆದೇಶ ಆಯಿತು, ಸೇವಾ ಪುಸ್ತಕದಲ್ಲೂ ನಮೂದಿಸಿದೆ.

ಹತ್ತನೇ ಕಂತಿನ ನಂತರ ಕಡಿತ ತೆಗೆಯೋದು ಮರೆಯಬಾರದು ಅಂತ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಲ್ಲಿ ಗುರುತು ಹಾಕಿದ್ದೆ. ಮೇಡಂ ಕೂಡ ತಮ್ಮ ಟೇಬಲ್ಲಿನ ಕ್ಯಾಲೆಂಡರಿನಲ್ಲಿ ಹಾಕಿಕೊಂಡಿದ್ದರು.